ಅಪ್ಪನ ಲ್ಯಾಪ್‌ಟಾಪು ಮತ್ತು ಮನೆಯ ಹೊಸ ಬೀಗ

ಯುಗಾದಿಗೆ ಹದಿನೈದು ದಿನ ಇದೆ ಅನ್ನುವಾಗ ನಮ್ಮೂರಿಗೆ ಫೈಬರ್ ಬಂತು. ಅರಕಲಗೂಡಿನಿಂದ ಒಳಗೆ, ದಿನಕ್ಕೆ ಮೂರೇ ಬಸ್ ಇರೋ ಊರು. ಕೇಬಲ್ ಹುಡುಗ ಬಂದು, ಟಿವಿ ಪಕ್ಕ ಎರಡು ಕೊಂಬಿನ ಒಂದು ಬಿಳಿ ಪೆಟ್ಟಿಗೆ ಇಟ್ಟು, ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಟ್ಟು ಹೋದ. ಅವತ್ತು ರಾತ್ರಿಯೇ ಅಪ್ಪನ ಫೋನ್.

"ಪಾಸ್‌ವರ್ಡ್ ಸರಿಯಾಗೇ ಹಾಕ್ತಿದೀನಿ ಕಣೋ. ನಿಮ್ಮಮ್ಮನ ಫೋನು ಒಂದೇ ಸಲಕ್ಕೆ ತಗೊಂತು. ಈ ಲ್ಯಾಪ್‌ಟಾಪು ಮಾತ್ರ ಮತ್ತೆ ಮತ್ತೆ ಕೇಳ್ತಾನೇ ಇದೆ."

ಅಪ್ಪ ಊರಿನ ಹಾಲಿನ ಡೈರಿ ಸೆಕ್ರೆಟರಿ. ಲೆಕ್ಕವೆಲ್ಲ ಆ ಲ್ಯಾಪ್‌ಟಾಪಿನಲ್ಲೇ. ಅದು ನನ್ನ ಬಿಇ ದಿನಗಳ ಲ್ಯಾಪ್‌ಟಾಪು. 2007ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ತಯಾರಾಗಿದ್ದು 2003ರಲ್ಲಿ. ನಾನು ಕೆಲಸಕ್ಕೆ ಸೇರಿದ ಮೇಲೆ ಅಪ್ಪನ ಪಾಲಿಗೆ ಬಂತು. 2014ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿದಾಗ ಅದಕ್ಕೊಂದು ಹಗುರ ಲಿನಕ್ಸ್ ಹಾಕಿಕೊಟ್ಟಿದ್ದೆ. ಇಷ್ಟು ದಿನ ಡಾಂಗಲ್ ಚುಚ್ಚಿ ಕೆಲಸ ನಡೀತಿತ್ತು. ಹೊಸದು ಕೊಡಿಸ್ತೀನಿ ಅಂದರೆ "ಇದಕ್ಕೇನಾಗಿದೆ?" ಅಂತಾರೆ.

ಇಂಥ ಫೋನು ನಿಮಗೂ ಬಂದಿರುತ್ತೆ. ಐಟಿ ಕೆಲಸದ ಮಗ ಅಥವಾ ಮಗಳು ಅಂದಮೇಲೆ ಪ್ರಿಂಟರು, ರೂಟರು, ಸೆಟ್‌ಟಾಪ್ ಬಾಕ್ಸು ಎಲ್ಲಕ್ಕೂ ನಾವೇ ಡಾಕ್ಟರು. ಆದರೆ ಈ ಸಲದ ಕಾಯಿಲೆ ಪಾಸ್‌ವರ್ಡಿನದಾಗಿರಲಿಲ್ಲ. ಹೊಸ ರೂಟರು ಕೇಳ್ತಿದ್ದ ಬೀಗದ ಭಾಷೆಯೇ ಆ ಲ್ಯಾಪ್‌ಟಾಪಿನ ವೈಫೈ ಕಾರ್ಡಿಗೆ ಬರ್ತಿರಲಿಲ್ಲ. ಪಾಸ್‌ವರ್ಡ್ ನೂರು ಸಲ ಸರಿಯಾಗಿ ಹಾಕಿದರೂ ಅಷ್ಟೇ. ಯಾಕೆ ಹೀಗೆ ಅನ್ನೋದಕ್ಕೆ ಒಂದು ಇತಿಹಾಸ ಇದೆ. ಆ ಇತಿಹಾಸದಲ್ಲಿ ನನ್ನದೂ ಒಂದು ಸಣ್ಣ ತಪ್ಪಿನ ಕತೆ ಇದೆ. ಎರಡನ್ನೂ ಹೇಳ್ತೀನಿ.

ಶುರುವಾಗೋದು 1985ರಲ್ಲಿ. ರೇಡಿಯೋ ತರಂಗ ಬಳಸಬೇಕು ಅಂದರೆ ಸರ್ಕಾರದ ಲೈಸೆನ್ಸ್ ಬೇಕಿದ್ದ ಕಾಲ ಅದು. ಆ ವರ್ಷ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ, ಮೈಕ್ರೋವೇವ್ ಒಲೆಯಂಥ ಉಪಕರಣಗಳು ಬಳಸ್ತಿದ್ದ ಕೆಲವು ಬ್ಯಾಂಡುಗಳನ್ನು ಲೈಸೆನ್ಸ್ ಇಲ್ಲದೆ ಸಂಪರ್ಕಕ್ಕೂ ಬಳಸಬಹುದು ಅಂತ ಬಿಟ್ಟುಕೊಟ್ಟಿತು. 2.4 ಗಿಗಾಹರ್ಟ್ಸ್ ಬ್ಯಾಂಡು ಅದರಲ್ಲೊಂದು. ಯಾರಿಗೂ ಬೇಡವಾದ ಗೋಮಾಳ ಅನ್ನಿ.

ಆ ಗೋಮಾಳದಲ್ಲಿ ಮೊದಲು ಬೇಲಿ ಹಾಕಿದವರಲ್ಲಿ ಎನ್‌ಸಿಆರ್ ಕಂಪನಿಯೂ ಒಂದು. ಅಂಗಡಿಗಳ ಕ್ಯಾಶ್ ರಿಜಿಸ್ಟರ್ ಮಾಡ್ತಿದ್ದ ಕಂಪನಿ. ಅಂಗಡಿಯ ಸಾಮಾನು ಜೋಡಣೆ ಬದಲಿಸಿದಾಗಲೆಲ್ಲ ರಿಜಿಸ್ಟರಿನ ವೈರೂ ಕಿತ್ತು ಎಳೀಬೇಕು, ಅದು ತಲೆನೋವು. ನೆದರ್‌ಲ್ಯಾಂಡ್ಸಿನಲ್ಲಿದ್ದ ಅದರ ಎಂಜಿನಿಯರುಗಳು ವೇವ್‌ಲ್ಯಾನ್ ಅನ್ನೋ ವೈರಿಲ್ಲದ ಜಾಲ ಮಾಡಿದರು. ಎಲ್ಲ ಕಂಪನಿಗಳ ಯಂತ್ರಗಳೂ ಒಂದೇ ಭಾಷೆ ಆಡಬೇಕಲ್ಲ? ಅದಕ್ಕೆ 1990ರಲ್ಲಿ ಐ ಟ್ರಿಪಲ್ ಇ ಸಂಸ್ಥೆಯಲ್ಲಿ 802.11 ಅನ್ನೋ ಸಮಿತಿ ಕೂತಿತು. ಅಧ್ಯಕ್ಷರು ಅದೇ ನೆದರ್‌ಲ್ಯಾಂಡ್ಸಿನ ವಿಕ್ ಹೇಯ್ಸ್. ಏಳು ವರ್ಷ ಚರ್ಚೆ ಮಾಡಿ 1997ರಲ್ಲಿ ಸ್ಟ್ಯಾಂಡರ್ಡ್ ಹೊರಗೆ ತಂದರು. ವೇಗ ಸೆಕೆಂಡಿಗೆ 2 ಮೆಗಾಬಿಟ್.

1999ರಲ್ಲಿ 11 ಮೆಗಾಬಿಟ್ಟಿನ 802.11ಬಿ ಬಂತು. ಆ ವರ್ಷದ ಜುಲೈನಲ್ಲಿ ನ್ಯೂಯಾರ್ಕಿನ ವೇದಿಕೆ ಮೇಲೆ ಸ್ಟೀವ್ ಜಾಬ್ಸ್ ಹೊಸ ಐಬುಕ್ ಹಿಡಿದು ಇಂಟರ್ನೆಟ್ ತೋರಿಸ್ತಾ, ಎಲ್ಲೂ ವೈರಿಲ್ಲ ನೋಡಿ ಅಂತ ಲ್ಯಾಪ್‌ಟಾಪನ್ನು ಒಂದು ಹುಲಾ ಹೂಪ್ ಬಳೆಯೊಳಗಿಂದ ತೂರಿಸಿದರು. ಥೇಟ್ ಜಾದೂಗಾರರ ಹಾಗೆ. "802.11ಬಿ" ಅನ್ನೋದನ್ನ ಯಾರು ನಾಲಿಗೆ ಮೇಲೆ ಇಟ್ಟುಕೊಳ್ತಾರೆ? ಇಂಟರ್‌ಬ್ರ್ಯಾಂಡ್ ಅನ್ನೋ ಕಂಪನಿಗೆ ದುಡ್ಡು ಕೊಟ್ಟು ಇಡಿಸಿದ ಹೆಸರು ವೈಫೈ.

ಈಗ ಬೀಗದ ವಿಷಯ. ವೈರಿನಲ್ಲಿ ಹೋಗೋ ಮಾತನ್ನು ಕದಿಯೋಕೆ ಕಳ್ಳ ಮನೆಯೊಳಗೆ ಬರಬೇಕು. ಗಾಳಿಯಲ್ಲಿ ಹೋಗೋ ಮಾತಿಗೆ ಬೀದಿಯಲ್ಲಿ ನಿಂತರೆ ಸಾಕು. ಅದಕ್ಕೇ 1997ರ ಸ್ಟ್ಯಾಂಡರ್ಡಿನಲ್ಲೇ ಒಂದು ಬೀಗ ಸೇರಿಸಿದ್ದರು. ಹೆಸರು ವೆಪ್, ಅಂದರೆ ವೈರ್ಡ್ ಈಕ್ವಿವಲೆಂಟ್ ಪ್ರೈವಸಿ. ವೈರಿನಲ್ಲಿ ಎಷ್ಟು ಗುಟ್ಟೋ ಗಾಳಿಯಲ್ಲೂ ಅಷ್ಟೇ ಗುಟ್ಟು ಅನ್ನೋ ಭರವಸೆ. ಈ ಹೆಸರನ್ನ ನೆನಪಿಟ್ಟುಕೊಂಡಿರಿ, ಕೊನೆಯಲ್ಲಿ ಬೇಕಾಗುತ್ತೆ.

ಬೀಗಕ್ಕೆ ಬಳಸಿದ್ದು ರಾನ್ ರಿವೆಸ್ಟ್ 1987ರಲ್ಲಿ ಮಾಡಿದ್ದ ಆರ್‌ಸಿ4. ಹಗುರ, ವೇಗ, ಸಣ್ಣ ಚಿಪ್ಪಿಗೂ ಭಾರವಾಗೋದಿಲ್ಲ. ಆದರೆ ಕೀಲಿಯ ಉದ್ದ 40 ಬಿಟ್ ಮಾತ್ರ. ಆಗಿನ ಅಮೆರಿಕದಲ್ಲಿ ಗಟ್ಟಿ ಗೂಢಲಿಪಿಯನ್ನು ರಫ್ತು ಮಾಡೋಕೆ ನಿರ್ಬಂಧ ಇತ್ತು. ಅಂದರೆ ಮೊದಲ ಬೀಗ ಸಣ್ಣದಾಗಿದ್ದಕ್ಕೆ ಒಂದು ಕಾರಣ ಗಣಿತ ಅಲ್ಲ, ಕಾನೂನು.

ಇನ್ನೊಂದು ತೊಂದರೆ ಇನ್ನೂ ಆಳದಲ್ಲಿತ್ತು. ಆರ್‌ಸಿ4ನಲ್ಲಿ ಒಂದೇ ಕೀಲಿಯನ್ನು ಎರಡು ಸಲ ಬಳಸಬಾರದು. ಬಳಸಿದರೆ ಎರಡು ಸಂದೇಶ ಪಕ್ಕಪಕ್ಕ ಇಟ್ಟು ಗುಟ್ಟು ಬಿಡಿಸಬಹುದು. ಆದರೆ ಮನೆಗೆಲ್ಲ ಒಂದೇ ಪಾಸ್‌ವರ್ಡ್. ಅದಕ್ಕೆ ಪ್ರತಿ ಪ್ಯಾಕೆಟ್ಟಿಗೂ ಕೀಲಿಯ ಮುಂದೆ ಬೇರೆ ಬೇರೆ ನಂಬರ್ ಅಂಟಿಸುವ ಉಪಾಯ ಮಾಡಿದರು. ಆ ನಂಬರಿಗೆ ಕೊಟ್ಟ ಜಾಗ 24 ಬಿಟ್. ಒಟ್ಟು 1,67,77,216 ನಂಬರುಗಳು. ಕೇಳೋಕೆ ದೊಡ್ಡದು. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 11 ಮೆಗಾಬಿಟ್ ಪೂರ್ತಿ ವೇಗದಲ್ಲಿ 1,500 ಬೈಟಿನ ಪ್ಯಾಕೆಟ್ ಕಳಿಸ್ತಾ ಹೋದರೆ ಸುಮಾರು ಐದು ಗಂಟೆಯಲ್ಲಿ ಎಲ್ಲ ನಂಬರೂ ಖಾಲಿ. ಆಮೇಲೆ ಹಳೇ ನಂಬರೇ ತಿರುಗಿ ಬರಬೇಕು.

2000ದ ಅಕ್ಟೋಬರಿನಲ್ಲಿ ಇಂಟೆಲ್‌ನ ಜೆಸ್ಸಿ ವಾಕರ್, ಕೀಲಿ ಎಷ್ಟೇ ಉದ್ದ ಮಾಡಿದರೂ ಈ ಬೀಗ ಸುರಕ್ಷಿತ ಅಲ್ಲ ಅಂತ ಸಮಿತಿಗೇ ಬರೆದು ತೋರಿಸಿದರು. 2001ರಲ್ಲಿ ಬರ್ಕ್ಲಿಯ ಸಂಶೋಧಕರು ಇನ್ನಷ್ಟು ಬಿರುಕು ತೋರಿಸಿದರು. ಅದೇ ವರ್ಷ ಫ್ಲೂರರ್, ಮ್ಯಾಂಟಿನ್, ಶಮೀರ್ ಅನ್ನೋ ಮೂವರು ಆರ್‌ಸಿ4ನ ಬುಡಕ್ಕೇ ಕೊಡಲಿ ಇಟ್ಟರು. ಕೆಲವು ನಂಬರುಗಳು ಮುಂದೆ ಬಂದಾಗ ಕೀಲಿಯ ಚೂರುಗಳೇ ಹೊರಗೆ ಸೋರ್ತವೆ, ಸಾಕಷ್ಟು ಪ್ಯಾಕೆಟ್ ಕೇಳಿಸಿಕೊಂಡರೆ ಪೂರ್ತಿ ಕೀಲಿ ಜೋಡಿಸಬಹುದು ಅಂತ. ಆಗಸ್ಟ್ ಹೊತ್ತಿಗೆ ಆ ಕೆಲಸ ಮಾಡೋ ಪ್ರೋಗ್ರಾಮುಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗ್ತಿದ್ದವು.

ಇಲ್ಲಿಗೆ ಈ ಕತೆಯ ಮುಖ್ಯ ಜಾಗಕ್ಕೆ ಬಂದೆವು. ಬೀಗ ಮುರಿದಿದೆ, ಅಂಥ ಕಾರ್ಡು, ರೂಟರುಗಳು ಆಗಲೇ ಲಕ್ಷಗಟ್ಟಲೆ ಮನೆ, ಆಫೀಸುಗಳಲ್ಲಿವೆ. ಏನು ಮಾಡೋದು? ಗಟ್ಟಿ ಬೀಗ ಆಗಲೇ ಇತ್ತು. ಬೆಲ್ಜಿಯಮ್ಮಿನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಮಾಡಿದ್ದ ಲಿಪಿಯನ್ನು 2001ರ ನವೆಂಬರಿನಲ್ಲಿ ಅಮೆರಿಕ ಸರ್ಕಾರ ಎಇಎಸ್ ಅನ್ನೋ ಹೆಸರಿನಲ್ಲಿ ಒಪ್ಪಿಕೊಂಡಿತ್ತು. ಆದರೆ ಹಳೇ ಕಾರ್ಡುಗಳ ಚಿಪ್ಪಿನಲ್ಲಿ ಇದ್ದಿದ್ದು ಆರ್‌ಸಿ4ನ ಯಂತ್ರ ಮಾತ್ರ. ಎಇಎಸ್ ಲೆಕ್ಕ ಮಾಡೋ ತ್ರಾಣ ಅವಕ್ಕಿರಲಿಲ್ಲ. ಹೊಸದು ತಗೊಳ್ಳಿ ಅಂದುಬಿಟ್ಟರೆ, ತಗೊಳ್ಳೋಕಾಗದವರು ಮುರಿದ ಬೀಗದಲ್ಲೇ ಉಳೀತಾರೆ.

ಎಂಜಿನಿಯರುಗಳು ಆಗ ಮಾಡಿದ ಕೆಲಸ ನನಗೆ ಇವತ್ತಿಗೂ ಇಷ್ಟ. ಎರಡು ದಾರಿ ಹಿಡಿದರು. ಗಟ್ಟಿ ಬೀಗದ ಕೆಲಸ ನಡೀತಾ ಇರಲಿ, ಅದು ಬರೋವರೆಗೆ ಹಳೇ ಚಿಪ್ಪಿನ ಮೇಲೇ ನಡೆಯೋ ಒಂದು ಮಧ್ಯಂತರ ಬೀಗ ಮಾಡೋಣ ಅಂತ. ಅದೇ ಟಿಕೆಐಪಿ. ಒಳಗೆ ಅದೇ ಆರ್‌ಸಿ4, ಆದರೆ ಪ್ರತಿ ಪ್ಯಾಕೆಟ್ಟಿಗೂ ಕೀಲಿಯನ್ನೇ ಕಲಸಿ ಬದಲಿಸೋದು. ನಂಬರಿಗೆ 24ರ ಬದಲು 48 ಬಿಟ್. ಸಂದೇಶವನ್ನು ಯಾರೂ ದಾರಿಯಲ್ಲಿ ತಿದ್ದಿಲ್ಲ ಅಂತ ಪರೀಕ್ಷಿಸೋಕೆ ನೀಲ್ಸ್ ಫರ್ಗುಸನ್ ಅನ್ನೋ ಗೂಢಲಿಪಿ ತಜ್ಞ "ಮೈಕೇಲ್" ಅನ್ನೋ ಒಂದು ತಪಾಸಣೆ ಬರೆದುಕೊಟ್ಟರು. ಹಳೇ ಪ್ರೊಸೆಸರು ತಡೆಯೋದೇ ಇಷ್ಟು ಅಂತ ಗೊತ್ತಿದ್ದು, ಬೇಕೆಂದೇ ಸಣ್ಣದಾಗಿ ಬರೆದ ತಪಾಸಣೆ. ಅದು ದುರ್ಬಲ ಅಂತ ಅವರಿಗೇ ಗೊತ್ತಿತ್ತು. ಅದಕ್ಕೆ ಕಾವಲಾಗಿ ಒಂದು ನಿಯಮ ಸೇರಿಸಿದರು: ಒಂದು ನಿಮಿಷದೊಳಗೆ ಎರಡು ಸಲ ತಪಾಸಣೆ ತಪ್ಪಿದರೆ ಒಂದು ನಿಮಿಷ ಅಂಗಡಿ ಬಾಗಿಲು ಬಂದ್.

ಇದಕ್ಕೆ ಡಬ್ಲ್ಯುಪಿಎ ಅಂತ ಹೆಸರಿಟ್ಟು 2003ರಿಂದ ಮಾರುಕಟ್ಟೆಗೆ ಬಿಟ್ಟರು. ಎಷ್ಟೋ ಹಳೇ ಕಾರ್ಡುಗಳಿಗೆ ಬರೀ ಸಾಫ್ಟ್‌ವೇರ್ ಅಪ್‌ಡೇಟ್ ಸಾಕಾಯ್ತು. ಮುಂದಿನ ವರ್ಷ, 2004ರ ಜೂನ್‌ನಲ್ಲಿ 802.11ಐ ಸ್ಟ್ಯಾಂಡರ್ಡ್ ಬಂತು. ಎಇಎಸ್ ಇರೋ ಆ ಬೀಗವೇ ನಾವೆಲ್ಲ ಇವತ್ತಿಗೂ ಬಳಸೋ ಡಬ್ಲ್ಯುಪಿಎ2. 2006ರ ಮಾರ್ಚ್‌ನಿಂದ ವೈಫೈ ಮುದ್ರೆ ಬೇಕಿದ್ದರೆ ಹೊಸ ಉಪಕರಣದಲ್ಲಿ ಡಬ್ಲ್ಯುಪಿಎ2 ಇರಲೇಬೇಕು ಅಂತ ಕಡ್ಡಾಯ ಆಯ್ತು. ಅಪ್ಪನ ಲ್ಯಾಪ್‌ಟಾಪು ಈ ಗೆರೆಗಿಂತ ಮೂರು ವರ್ಷ ಹಿಂದೆ ಹುಟ್ಟಿದ್ದು. ಅದರ 802.11ಬಿ ಕಾರ್ಡಿಗೆ ವೆಪ್ ಬರುತ್ತೆ, ತಿಣುಕಿದರೆ ಡಬ್ಲ್ಯುಪಿಎ ಬರುತ್ತೆ. ಅದರ ಮುಂದೆ ಏನೂ ಬರೋಲ್ಲ.

ಮಧ್ಯಂತರ ಬೀಗ ಬಂದರೂ ಹಾಕಿಕೊಳ್ಳೋಕೆ ತಡಮಾಡಿದವರ ಗತಿ ಏನಾಯ್ತು? ಅಮೆರಿಕದ ಟಿಜೆಎಕ್ಸ್ ಅನ್ನೋ ಬಟ್ಟೆಬರೆ ಅಂಗಡಿಗಳ ಕಂಪನಿ ವೆಪ್ ಬಿಟ್ಟು ಡಬ್ಲ್ಯುಪಿಎಗೆ ಹೋಗೋ ಕೆಲಸವನ್ನ ನಿಧಾನಕ್ಕೆ ಮಾಡ್ತಿತ್ತು. 2005ರಲ್ಲಿ ಅಂಗಡಿ ವೈಫೈ ಮೂಲಕ ಕಳ್ಳರು ಒಳಗೆ ನುಗ್ಗಿದರು. 2007ರಲ್ಲಿ ವಿಷಯ ಹೊರಬಿದ್ದಾಗ ಕಂಪನಿ ಒಪ್ಪಿಕೊಂಡ ಲೆಕ್ಕವೇ 4.57 ಕೋಟಿ ಕಾರ್ಡುಗಳದ್ದು. ಅದೇ 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ವಿಶ್ವವಿದ್ಯಾಲಯದ ಮೂವರು, 104 ಬಿಟ್ಟಿನ ಉದ್ದ ಕೀಲಿಯ ವೆಪ್ಪನ್ನೂ ಒಂದು ನಿಮಿಷದೊಳಗೆ ಮುರಿಯಬಹುದು ಅಂತ ತೋರಿಸಿದರು.

ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಲೈಸೆನ್ಸಿನಿಂದ ಪೂರ್ತಿ ವಿನಾಯಿತಿ ಸಿಕ್ಕಿದ್ದು 2005ರ ಜನವರಿಯಲ್ಲಿ. ಆಮೇಲೆ ಬ್ರಾಡ್‌ಬ್ಯಾಂಡ್ ಜತೆಗೇ ವೈಫೈ ಮೋಡೆಮ್ ಮನೆಮನೆಗೆ ಬಂತು. ಬಹುಪಾಲು ಮನೆಗಳಲ್ಲಿ ಬೀಗವೇ ಇಲ್ಲ, ಇದ್ದರೆ ವೆಪ್. ನನ್ನ ತಪ್ಪಿನ ಕತೆ ಬರೋದು ಇಲ್ಲೇ.

2008. ನಾನು ಬಿಇ ಮೂರನೇ ವರ್ಷ. ಕಾಲೇಜಿನ ಹತ್ತಿರ ಒಂದು ಮನೆಯ ಮಹಡಿ ಮೇಲೆ ಮೂವರು ಹುಡುಗರು ರೂಮು ಮಾಡಿಕೊಂಡಿದ್ವಿ. ಕೆಳಗೆ ಓನರ್ ಅಂಕಲ್ ಮನೆ. ಅವರದ್ದೊಂದು ವೈಫೈ, ವೆಪ್ ಬೀಗ. ಇದೇ ಲ್ಯಾಪ್‌ಟಾಪಿನಲ್ಲಿ, ಇದೇ ಕಾರ್ಡಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ ನಾನು ಆ ಬೀಗ ಮುರಿದೆ. ಹಳೇ ಕಾರ್ಡು ಅಂತ ಗೆಳೆಯರು ಆಡಿಕೊಳ್ತಿದ್ರು, ಆ ಕೆಲಸಕ್ಕೆ ಮಾತ್ರ ಅದೇ ಒದಗಿಬಂತು. ಕೀಲಿ ಪರದೆ ಮೇಲೆ ಬಂದಾಗ ಮೂವರೂ ಕುಣಿದ್ವಿ. ಹಳ್ಳಿಯಿಂದ ಬಂದು, ಇಂಗ್ಲಿಷ್ ಅಂದರೆ ಬೆವರ್ತಿದ್ದ ಹುಡುಗನಿಗೆ ಅವತ್ತು ತಾನೊಬ್ಬ ಎಂಜಿನಿಯರ್ ಅಂತ ಮೊದಲ ಸಲ ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ?

ಆಗಿನ ಪ್ಲಾನುಗಳು ಇವತ್ತಿನ ಹಾಗಲ್ಲ. ತಿಂಗಳಿಗೆ ಇಷ್ಟು ಡೇಟಾ, ಮೀರಿದರೆ ಪ್ರತಿ ಎಂಬಿಗೂ ದುಡ್ಡು. ನಾವು ಮೂರು ವಾರ ಸಿನಿಮಾ ಇಳಿಸಿಕೊಂಡ್ವಿ. ಒಂದು ಸಂಜೆ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯಿಂದ ಕೂಗಾಟ ಕೇಳಿಸ್ತು. ಬಿಲ್ ಬಂದಿತ್ತು. ಅವರ ಮಗ ಸೆಕೆಂಡ್ ಪಿಯುಸಿ. "ಓದೋಕೆ ಅಂತ ಹಾಕ್ಸಿಕೊಟ್ರೆ ಇದಾ ನೀನು ಮಾಡೋದು?" ಅಂತ ಅಂಕಲ್ ಬೈತಿದ್ರು. ಹುಡುಗ "ನಾನಲ್ಲಪ್ಪ, ನಿಜ ನಾನಲ್ಲ" ಅಂತ ಅಳ್ತಿದ್ದ. ಒಂದು ಏಟಿನ ಸದ್ದೂ ಕೇಳಿಸ್ತು. ಮಾರನೇ ದಿನವೇ ಕನೆಕ್ಷನ್ ತೆಗೆಸಿಬಿಟ್ಟರು. ನಾನು ಮೆಟ್ಟಿಲ ಮೇಲೆ ನಿಂತಿದ್ದವನು ಕೆಳಗೆ ಇಳಿಯಲಿಲ್ಲ. ಆಮೇಲೂ ಇಳಿಯಲಿಲ್ಲ.

ಅದೇ ವರ್ಷದ ಜುಲೈನಲ್ಲಿ ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಗಿತ್ತು. ಸ್ವಲ್ಪ ಮೊದಲು ಮಾಧ್ಯಮಗಳಿಗೆ ಹೋದ ಇ-ಮೇಲಿನ ಜಾಡು ಹಿಡಿದರೆ ನವಿ ಮುಂಬೈನ ಒಂದು ಮನೆಯ ವೈಫೈ ಸಿಕ್ಕಿತ್ತು. ಆ ಮನೆಯವರು ಕಳಿಸಿದ ಮೇಲಲ್ಲ, ಬೀಗವಿಲ್ಲದ ವೈಫೈಯನ್ನು ಯಾರೋ ಬಳಸಿದ್ದರು. 2009ರ ಶುರುವಿನಲ್ಲಿ ಮುಂಬೈ ಪೊಲೀಸರು ಬೀದಿ ಬೀದಿ ಸುತ್ತಿ ಬೀಗವಿಲ್ಲದ ವೈಫೈ ಹುಡುಕೋಕೆ ಹೊರಟರು. ಕೇಂದ್ರದ ದೂರಸಂಪರ್ಕ ಇಲಾಖೆಯೂ ವೈಫೈ ಭದ್ರಪಡಿಸಿ ಅಂತ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕಳಿಸಿತು. ಇವನ್ನೆಲ್ಲ ಪೇಪರಿನಲ್ಲಿ ಓದುವಾಗ ನನಗೆ ಭಯೋತ್ಪಾದಕರಿಗಿಂತ ಆ ಪಿಯುಸಿ ಹುಡುಗ ಹೆಚ್ಚು ನೆನಪಾಗ್ತಿದ್ದ. ಬೀಗ ಮುರಿದಾಗ ಹೋಗೋದು ಬರೀ ಡೇಟಾ ಅಲ್ಲ, ಮಾಡದ ತಪ್ಪು ಇನ್ನೊಬ್ಬರ ತಲೆ ಮೇಲೆ ಬೀಳುತ್ತೆ.

ಈಗ ಊರಿಗೆ ಬರೋಣ. ಯುಗಾದಿಗೆ ಹೋದವನು ಅಪ್ಪನ ಜತೆ ರೂಟರಿನ ಸೆಟ್ಟಿಂಗ್ಸ್ ತೆಗೆದು ಕೂತೆ. ಅಲ್ಲೇ ಇತ್ತು ಸುಲಭದ ದಾರಿ: "ಡಬ್ಲ್ಯುಪಿಎ/ಡಬ್ಲ್ಯುಪಿಎ2 ಮಿಕ್ಸೆಡ್". ಇನ್ನೂ ಕೆಳಗೆ ವೆಪ್ ಕೂಡ. ಒಂದು ಕ್ಲಿಕ್ ಮಾಡಿದರೆ ಲ್ಯಾಪ್‌ಟಾಪು ಒಳಗೆ ಬರುತ್ತೆ.

"ಹಾಕು ಮತ್ತೆ, ನಮ್ಮೂರಲ್ಲಿ ಯಾರು ಕದೀತಾರೆ?" ಅಂದರು ಅಪ್ಪ.

ಮಿಕ್ಸೆಡ್ ಅಂದರೆ ಹಳಬರಿಗೆ ಹಳೇ ಬೀಗ, ಹೊಸಬರಿಗೆ ಹೊಸ ಬೀಗ ಅಂತ ನಾವು ಅಂದುಕೊಳ್ತೀವಿ. ಪೂರ್ತಿ ಹಾಗಲ್ಲ. ರೂಟರು ಮನೆಯ ಎಲ್ಲರಿಗೂ ಒಟ್ಟಿಗೆ ಹೇಳೋ ಮಾತುಗಳಿರ್ತವೆ. ಅವಕ್ಕೆಲ್ಲ ಒಂದೇ ಕೀಲಿ. ಆ ಮಾತು ಎಲ್ಲರಿಗೂ ಅರ್ಥವಾಗಬೇಕಲ್ಲ, ಅದಕ್ಕೇ ಮನೆಯಲ್ಲಿ ಅತಿ ಹಳೇ ಯಂತ್ರಕ್ಕೆ ಬರೋ ಟಿಕೆಐಪಿಯನ್ನೇ ಅಲ್ಲಿ ಬಳಸಬೇಕು. ಒಬ್ಬರಿಗಾಗಿ ಎಲ್ಲರ ಬೀಗವೂ ಒಂದು ಮೆಟ್ಟಿಲು ಇಳಿಯುತ್ತೆ. ಟಿಕೆಐಪಿಯಲ್ಲಿ 2008ರಲ್ಲೇ ಬಿರುಕು ಸಿಕ್ಕಿತ್ತು, 2012ರ ಸ್ಟ್ಯಾಂಡರ್ಡಿನಲ್ಲಿ ಇದನ್ನ ಬಿಡಬೇಕು ಅಂತ ಬರೆದೂ ಆಗಿತ್ತು. ನಾಲ್ಕೈದು ವರ್ಷಕ್ಕೆ ಅಂತ ಕಟ್ಟಿದ ಸೇತುವೆ ಅದು, ಮನೆ ಕಟ್ಟಿಕೊಂಡು ಕೂರೋ ಜಾಗ ಅಲ್ಲ.

ಹೊಸ ಬೀಗಗಳ ಕತೆಯೂ ಇದೇ. 2017ರಲ್ಲಿ ಬೆಲ್ಜಿಯಮ್ಮಿನ ಮಾತಿ ವಾನ್‌ಹೂಫ್ ಡಬ್ಲ್ಯುಪಿಎ2ರಲ್ಲೂ ಕ್ರ್ಯಾಕ್ ಅನ್ನೋ ದೋಷ ತೋರಿಸಿದರು. ಅದೃಷ್ಟಕ್ಕೆ ಅದು ಅಪ್‌ಡೇಟ್‌ನಿಂದ ಸರಿಹೋಗುವಂಥದ್ದು. 2018ರಲ್ಲಿ ಡಬ್ಲ್ಯುಪಿಎ3 ಬಂತು. ಅದರಲ್ಲೂ ಹಳಬರಿಗಾಗಿ ಒಂದು ಟ್ರಾನ್ಸಿಷನ್ ಮೋಡ್ ಇಟ್ಟರು. ಮರುವರ್ಷವೇ ಆ ಮೋಡಿನಲ್ಲಿರೋ ಫೋನು, ಲ್ಯಾಪ್‌ಟಾಪನ್ನ ಹಳೇ ಬೀಗಕ್ಕೆ ಇಳಿಸಬಹುದು ಅಂತ ಅದೇ ವಾನ್‌ಹೂಫ್ ಮತ್ತು ಎಯಾಲ್ ರೋನೆನ್ ತೋರಿಸಿದರು. ಪ್ರತಿ ತಲೆಮಾರಿನ ಎಂಜಿನಿಯರಿಗೂ ಅದೇ ಪ್ರಶ್ನೆ: ಹಿಂದೆ ಉಳಿದವರಿಗಾಗಿ ಎಷ್ಟು ದಿನ ಬಾಗಿಲು ತೆರೆದಿಡೋದು? ತಕ್ಷಣ ಮುಚ್ಚಿದರೆ ಬಡವರು ಹೊರಗೆ. ಮುಚ್ಚದೇ ಬಿಟ್ಟರೆ ಎಲ್ಲರಿಗೂ ಅಪಾಯ. 2003ರಲ್ಲಿ ಸಿಕ್ಕಿದ ಉತ್ತರ ಚೆನ್ನಾಗಿತ್ತು, ಯಾಕೆಂದರೆ ಅದಕ್ಕೊಂದು ಕೊನೆ ದಿನವೂ ಇತ್ತು.

"ಅಪ್ಪ, ಇದರಲ್ಲಿ ಎಷ್ಟು ಜನರ ಬ್ಯಾಂಕ್ ಅಕೌಂಟ್ ನಂಬರ್ ಇದೆ?" ಅಂತ ಕೇಳಿದೆ.

"ನೂರಾ ನಲವತ್ತು ಮೆಂಬರು. ಎಲ್ಲರದ್ದೂ ಇದೆ."

"ನಾಳೆ ಏನಾದ್ರೂ ಆದ್ರೆ ಊರವರು ಯಾರನ್ನ ಕೇಳ್ತಾರೆ?"

ಅಪ್ಪ ಮಾತಾಡಲಿಲ್ಲ. ನಾನು ಮಿಕ್ಸೆಡ್ ಒತ್ತಲಿಲ್ಲ. ಡಬ್ಲ್ಯುಪಿಎ2, ಎಇಎಸ್ ಮಾತ್ರ ಅಂತ ಇಟ್ಟು ಸೇವ್ ಮಾಡಿದೆ. ಆಮೇಲೆ ಅರಕಲಗೂಡಿಗೆ ಹೋಗಿ ಹದಿನೈದು ಮೀಟರ್ ಲ್ಯಾನ್ ವೈರ್ ತಂದೆ. ಟಿವಿ ಪಕ್ಕದಿಂದ ಬಾಗಿಲ ಮೇಲೆ ಹಾಯಿಸಿ, ಕಿಟಕಿ ಸಂದಿಯಿಂದ ಅಪ್ಪನ ಮೇಜಿಗೆ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಧೂಳು ತುಂಬಿದ್ದ ಲ್ಯಾನ್ ಕಿಂಡಿ ಊದಿ ಚುಚ್ಚಿದೆ. ಹಸಿರು ದೀಪ ಹತ್ತಿತು. ಪಾಸ್‌ವರ್ಡೂ ಕೇಳಲಿಲ್ಲ. 2003ರ ಕಿಂಡಿಗೂ ಹೊಸ ರೂಟರಿಗೂ ಒಂದು ಕ್ಷಣವೂ ಜಗಳ ಇಲ್ಲ. ವೈರಿನಷ್ಟೇ ಗುಟ್ಟು ಅಂತ 1997ರಲ್ಲಿ ವೆಪ್ ಕೊಟ್ಟ ಮಾತನ್ನ ಕೊನೆಗೂ ನಡೆಸಿಕೊಟ್ಟಿದ್ದು ವೈರೇ.

ನಿಮ್ಮ ಮನೆಯಲ್ಲೂ ಇಂಥ ಹಳೇ ಲ್ಯಾಪ್‌ಟಾಪೋ ಪ್ರಿಂಟರೋ ಇದ್ದರೆ ರೂಟರಿನ ಬೀಗ ಇಳಿಸಬೇಡಿ. ಮೊದಲು ಒಂದು ವೈರು ಎಳೆದು ನೋಡಿ. ಕಿಂಡಿ ಇಲ್ಲದಿದ್ದರೆ ಡಬ್ಲ್ಯುಪಿಎ2 ಬರೋ ಒಂದು ಸಣ್ಣ ಯುಎಸ್‌ಬಿ ವೈಫೈ ಅಡಾಪ್ಟರ್ ತಗೊಳ್ಳಿ. ಅದರ ಡ್ರೈವರ್ ನಿಮ್ಮ ಹಳೇ ಸಿಸ್ಟಮ್ಮಿಗೆ ಸಿಗುತ್ತಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಗೋಡೆಗೆ ಕ್ಲಿಪ್ ಹೊಡೀತಾ ಅಪ್ಪನಿಗೆ ಆ ಮಹಡಿ ರೂಮಿನ ಕತೆ ಹೇಳಿದೆ. ಹದಿಮೂರು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಅಪ್ಪ ಸುತ್ತಿಗೆ ಕೆಳಗಿಟ್ಟು ಕೇಳಿಸಿಕೊಂಡರು. ಬೈತಾರೆ ಅಂದುಕೊಂಡೆ.

"ಆ ಹುಡುಗನಿಗೆ ಹೇಳಿದ್ಯಾ?" ಅಂದರು.

"ಇಲ್ಲ."

"ಅವರಪ್ಪ ಇನ್ನೂ ಅವನೇ ಮಾಡಿದ್ದು ಅಂದ್ಕೊಂಡಿರ್ತಾರೆ ಕಣೋ."

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಬಂದ ಮೊದಲ ಭಾನುವಾರ ಆ ಬೀದಿಗೆ ಹೋದೆ. ಮನೆ ಹಾಗೇ ಇದೆ, ಗೇಟಿಗೆ ಬೇರೆ ಬಣ್ಣ. ಈ ಸಲ ಮಹಡಿ ಮೆಟ್ಟಿಲ ಕಡೆ ತಿರುಗದೆ, ಕೆಳಗಿನ ಬಾಗಿಲ ಬೆಲ್ ಒತ್ತಿದೆ.